ಇಟ್ಟಿಗೆ, ಮರಳು, ಗಾರೆ: ಕಟ್ಟಿಸುವ ರೈತರಿಗೆ ಕೆಲವು ಮಾತು

ಬೇಸಿಗೆಯಲ್ಲಿ ಹೊಲದ ಕೆಲಸ ತಗ್ಗಿದಾಗ ಅರಸೀಕೆರೆ ಸೀಮೆಯ ಹಳ್ಳಿಗಳಲ್ಲಿ ಗೋಡೆ ಕೆಲಸ ಮೊದಲಾಗುತ್ತದೆ. ಒಬ್ಬರು ದನದ ಕೊಟ್ಟಿಗೆ ಕಟ್ಟಿಸಿದರೆ ಮತ್ತೊಬ್ಬರು ಕೊಬ್ಬರಿಗೆ ಅಟ್ಟದ ಮನೆ ಎಬ್ಬಿಸುತ್ತಾರೆ. ಅಟ್ಟದ ಹೊರೆ ಹಗುರವಲ್ಲ; ಸಾವಿರಾರು ಕಾಯಿಗಳ ಭಾರ ತಿಂಗಳುಗಟ್ಟಲೆ ಗೋಡೆಯ ಮೇಲೆ ಕೂತಿರುತ್ತದೆ. ಆದ್ದರಿಂದ ಎಲ್ಲವನ್ನೂ ಮೇಸ್ತ್ರಿಗೆ ಒಪ್ಪಿಸಿ ಸುಮ್ಮನಿರದೆ, ಸಾಮಾನನ್ನು ತಾವೇ ನೋಡಿ ಕೊಳ್ಳುವುದು ಮೇಲು.

ಚೆನ್ನಾಗಿ ಬೆಂದ ಇಟ್ಟಿಗೆ ಒಂದೇ ಸಮನಾಗಿ ಕೆಂಪಗಿರುತ್ತದೆ. ಎರಡನ್ನು ಒಂದಕ್ಕೊಂದು ತಟ್ಟಿದರೆ ಕಂಚಿನಂತೆ ನಾದ ಬರಬೇಕು. ಮಡಕೆ ಒಡಕಿನ ಸದ್ದು ಬಂದರೆ ಬೇಡ. ಉಗುರಿನಿಂದ ಗೀರಿದರೆ ಗೆರೆ ಬೀಳಬಾರದು. ಸೊಂಟದ ಎತ್ತರದಿಂದ ನೆಲಕ್ಕೆ ಬಿಟ್ಟರೆ ಒಡೆಯಬಾರದು. ಇನ್ನೊಂದು ಪರೀಕ್ಷೆ ತಕ್ಕಡಿಯದು. ಒಣಗಿದ ಇಟ್ಟಿಗೆಯನ್ನು ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ತೂಗಿರಿ. ಮೂರು ಕಿಲೋ ಇಟ್ಟಿಗೆ 600 ಗ್ರಾಮಿಗಿಂತ ಹೆಚ್ಚು ನೀರು ಕುಡಿದರೆ, ಅದು ಮಳೆಗಾಲದಲ್ಲಿ ಗೋಡೆಗೂ ನೀರು ಕುಡಿಸುತ್ತದೆ.

ಮುರಿದು ನೋಡಿದಾಗ ಒಳಗೆ ಬಿಳಿ ಸುಣ್ಣದ ಹರಳು ಕಂಡರೆ ಎಚ್ಚರ. ಗೂಡಿನಲ್ಲಿ ಬೆಂದು ಅದು ಸುಟ್ಟ ಸುಣ್ಣವಾಗಿರುತ್ತದೆ. ಗೋಡೆಗೆ ನೀರು ತಾಗಿದೊಡನೆ ಅರಳಿ ಇಟ್ಟಿಗೆಯನ್ನೇ ಸೀಳುತ್ತದೆ. ಮಣ್ಣಿನ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ: ಗೂಡಿನವರು ಬೆಲೆ ಕಟ್ಟಿದರೆಂದು ಹೊಲದ ಮೇಲ್ಮಣ್ಣನ್ನು ಮಾರಬೇಡಿ. ಬೆಳೆಗೆ ಸಾರ ಇರುವುದು ಆ ಅರ್ಧ ಅಡಿಯಲ್ಲೇ. ಅದು ಮತ್ತೆ ಕೂಡಲು ಒಂದು ತಲೆಮಾರು ಸಾಲದು.

ಮರಳಿಗೆ ಗಾಜಿನ ಲೋಟವೇ ಸಾಕ್ಷಿ. ಅರ್ಧ ಲೋಟ ಮರಳಿಗೆ ನೀರು ಹಾಕಿ ಕದಡಿ, ಮೂರು ಗಂಟೆ ಬಿಡಿ. ಮೇಲೆ ಕೂತ ಕೆಸರಿನ ಪದರ ಮರಳಿನ ನೂರರಲ್ಲಿ ಎಂಟು ಪಾಲು ಮೀರಿದರೆ ತೊಳೆಯದೆ ಬಳಸಬಾರದು. ಯಂತ್ರದ ಮರಳಿಗೂ ಈ ಪರೀಕ್ಷೆ ಬೇಕು. ಹಸಿ ಮರಳು ಉಬ್ಬಿಕೊಳ್ಳುತ್ತದೆ, ಒಣ ಮರಳಿಗಿಂತ ಕಾಲು ಭಾಗದಷ್ಟು ಹೆಚ್ಚೇ ಕಾಣಿಸುವುದುಂಟು. ಬುಟ್ಟಿ ಲೆಕ್ಕದಲ್ಲಿ ಕೊಂಡರೆ ಗಾಳಿಗೂ ಹಣ ಕೊಟ್ಟಂತೆ.

50 ಕಿಲೋ ಸಿಮೆಂಟು ಚೀಲವೆಂದರೆ 35 ಲೀಟರು. ಅಂಥದ್ದೊಂದು ಹಲಗೆ ಪೆಟ್ಟಿಗೆ ಮಾಡಿಸಿ: ಉದ್ದ 40, ಅಗಲ 35, ಎತ್ತರ 25 ಸೆಂಟಿಮೀಟರು. ದಪ್ಪ ಗೋಡೆಗೆ ಒಂದು ಚೀಲ ಸಿಮೆಂಟಿಗೆ ಆರು ಪೆಟ್ಟಿಗೆ ಮರಳು. ಅರ್ಧ ಇಟ್ಟಿಗೆ ಗೋಡೆಗೆ ನಾಲ್ಕು. ಮಂಕರಿಯಲ್ಲಿ ಅಳೆದರೆ ಪ್ರತಿ ಸಲವೂ ಪಾಕ ಬೇರೆಯಾಗುತ್ತದೆ. ಗಟ್ಟಿಯಾಗತೊಡಗಿದ ಗಾರೆಗೆ ಮತ್ತೆ ನೀರು ಹಾಕಿ ಕಲಸುವುದು ಕೆಟ್ಟ ರೂಢಿ, ಬೇಕಾದಷ್ಟನ್ನೇ ಕಲಸಿಸಿ.

ಅರಸೀಕೆರೆಯ ಈಶ್ವರ ದೇವಾಲಯದಲ್ಲಿ, 1220ರ ಕೆಲಸದಲ್ಲಿ, ಕಲ್ಲಿಗೆ ಕಲ್ಲನ್ನು ಕೆತ್ತಿ ಹೊಂದಿಸಿದ್ದಾರೆ. ಇಟ್ಟಿಗೆಯಲ್ಲಿ ಹಾಗೆ ನಡೆಯದು, ಗಾರೆಯೇ ಬಂಧ. ಆದರೂ ಗಾರೆಯ ಪದರ ಒಂದು ಸೆಂಟಿಮೀಟರು ಇದ್ದರೆ ಸಾಕು. ಒಂದು ಸಾಲಿನ ನಿಲುವು ಸಂದು ಕೆಳಗಿನ ಸಾಲಿನ ಸಂದಿನ ಮೇಲೆ ಬೀಳಬಾರದು. ಬಿದ್ದರೆ ಬಿರುಕು ನೇರ ಮೇಲಿಂದ ಕೆಳಗೆ ಓಡುತ್ತದೆ. ಕಟ್ಟುವ ಮುನ್ನ ಇಟ್ಟಿಗೆಯನ್ನು ನೆನೆಸಲೇಬೇಕು, ಇಲ್ಲವೆಂದರೆ ಗಾರೆಯ ನೀರನ್ನು ಅದೇ ಹೀರಿಬಿಡುತ್ತದೆ.

19 ಸೆಂಟಿಮೀಟರು ಉದ್ದ, 9 ಅಗಲ, 9 ದಪ್ಪದ ಇಟ್ಟಿಗೆಯಾದರೆ 20 ಸೆಂಟಿಮೀಟರು ದಪ್ಪ ಗೋಡೆಯ ಒಂದು ಚದರ ಮೀಟರಿಗೆ 100 ಬೇಕು. ನಾಡ ಇಟ್ಟಿಗೆಯ ಅಳತೆ ಊರಿಗೊಂದು. ಮೊದಲು ಅಳೆದು ಆಮೇಲೆ ಲಾರಿ ತರಿಸಿ.

ಕಟ್ಟಿದ ಮೇಲೆ ಏಳು ದಿನವಾದರೂ ಗೋಡೆ ಹಸಿಯಾಗಿರಬೇಕು. ನೀರಿನ ಬರವಿರುವ ನಮ್ಮ ಕಡೆ ಕೊಡಗಟ್ಟಲೆ ಸುರಿಯುವ ಬದಲು ಗೋಣಿಚೀಲ ಹೊದಿಸಿ, ಬೆಳಿಗ್ಗೆ ಸಂಜೆ ಅದನ್ನು ತೋಯಿಸಿದರೆ ಸಾಕು. ಬಿಸಿಲು ಬೀಳುವ ಪಡುವಣ ಗೋಡೆಗೆ ಮಧ್ಯಾಹ್ನವೂ ಒಮ್ಮೆ.