ಹೊಸ ವೈರಸ್ ಸುದ್ದಿ ಬಂದಾಗ ಮನಸ್ಸನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಹೇಗೆ?



2020ರ ಮಾರ್ಚ್ ತಿಂಗಳನ್ನು ಒಮ್ಮೆ ನೆನಪಿಸಿಕೊಳ್ಳಿ. 9ರಂದು ಪುಣೆಯಲ್ಲಿ ಮಹಾರಾಷ್ಟ್ರದ ಮೊದಲ ಕೊರೊನಾ ಪ್ರಕರಣ ಪತ್ತೆಯಾಯಿತು. ಮರುದಿನ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅದು ದೇಶದ ಮೊದಲ ಕೊರೊನಾ ಸಾವು ಎಂದು 12ರಂದು ಖಚಿತವಾಯಿತು. ಆಗ ಔರಂಗಾಬಾದ್ ಎನ್ನುತ್ತಿದ್ದ ಸಂಭಾಜಿನಗರದಲ್ಲಿ ತಿಂಗಳ ಮಧ್ಯಕ್ಕೆ, ನಾಸಿಕ್ ಜಿಲ್ಲೆಯಲ್ಲಿ ತಿಂಗಳ ಕೊನೆಗೆ ಮೊದಲ ಪ್ರಕರಣಗಳು ಬಂದವು. ಅಷ್ಟರಲ್ಲಿ ರೈಲು, ಬಸ್ಸು ಎಲ್ಲ ನಿಂತಿದ್ದವು.

ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಟಿವಿಯಲ್ಲಿ ಕನ್ನಡ ಚಾನೆಲ್, ಬಾಗಿಲಲ್ಲಿ ಮರಾಠಿ ಮಾತು. ಎರಡರಲ್ಲೂ ಭಯದ ಸುದ್ದಿಯೇ. ಇಲ್ಲಿ ಮಕ್ಕಳ ಚಿಂತೆ, ಅಲ್ಲಿ ಊರಲ್ಲಿ ಒಬ್ಬರೇ ಇರುವ ತಂದೆ-ತಾಯಿಯ ಚಿಂತೆ. ವಲಸೆ ಕುಟುಂಬದ ಭಯ ಎರಡು ಊರಿನ ಭಯ. ಹೋಗಿ ನೋಡಲಾಗದವರ ಬಗ್ಗೆ ಮನಸ್ಸು ಕೆಟ್ಟದ್ದನ್ನೇ ಮೊದಲು ಊಹಿಸುತ್ತದೆ. ಇದು ನಿಮ್ಮ ದೌರ್ಬಲ್ಯವಲ್ಲ, ಪ್ರೀತಿ ಇರುವಲ್ಲಿ ಆಗುವ ಸಹಜ ಪ್ರತಿಕ್ರಿಯೆ.

*ದೇಹದಲ್ಲಿ ಏನಾಗುತ್ತದೆ?*

ಅಪಾಯ ಎಂದು ಮೆದುಳಿಗೆ ಅನಿಸಿದ ಕೂಡಲೇ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಎದೆ ಬಡಿತ ಜೋರಾಗುತ್ತದೆ, ಅಂಗೈ ಬೆವರುತ್ತದೆ, ಗಂಟಲು ಬಿಗಿಯುತ್ತದೆ, ಉಸಿರು ಮೇಲೆ ಮೇಲೆ ಬರುತ್ತದೆ. ಹುಲಿ ಎದುರಾದರೆ ಓಡಲು ಇದು ಬೇಕು. ಆದರೆ ವೈರಸ್ ಕಣ್ಣಿಗೆ ಕಾಣುವುದಿಲ್ಲ, ಓಡುವ ಜಾಗವೂ ಇಲ್ಲ. ಆಗ ಗಂಟಲು ಬಿಗಿದದ್ದನ್ನೇ ನಾವು "ರೋಗ ಬಂತೇನೋ" ಎಂದುಕೊಳ್ಳುತ್ತೇವೆ. ಆ ಯೋಚನೆಯಿಂದ ಗಾಬರಿ ಇನ್ನಷ್ಟು ಏರುತ್ತದೆ. ಹೆದರಿದವರ ಮೇಲೆ ಹಾವು ಎಸೆದಂತೆ ಆಗುತ್ತದೆ.

*ಸಲಹೆಗಳು ಏಕೆ ಬದಲಾಗುತ್ತವೆ?*

ಮೊದಲು ಕಾಯಿಲೆ ಇದ್ದವರು ಮಾತ್ರ ಮಾಸ್ಕ್ ಹಾಕಿದರೆ ಸಾಕು ಎಂದರು. 2020ರ ಏಪ್ರಿಲ್ ಮೊದಲ ವಾರದಲ್ಲಿ, ಹೊರಗೆ ಹೋಗುವವರೆಲ್ಲ ಮನೆಯಲ್ಲೇ ಹೊಲಿದ ಬಟ್ಟೆ ಮಾಸ್ಕ್ ಕಟ್ಟಿಕೊಳ್ಳಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಹೇಳಿತು. ಹಲವರಿಗೆ "ಯಾರನ್ನು ನಂಬುವುದು?" ಎನಿಸಿತು. ಹೊಸ ರೋಗ ಬಂದಾಗ ವೈದ್ಯರೂ ಕಲಿಯುತ್ತಿರುತ್ತಾರೆ. ಹೊಸ ಮಾಹಿತಿ ಸಿಕ್ಕಂತೆ ಸಲಹೆ ತಿದ್ದುವುದು ಮೋಸವಲ್ಲ. ಮೊದಲ ದಿನವೇ "ನನಗೆ ಎಲ್ಲ ಗೊತ್ತು, ಇದೇ ಔಷಧ" ಎನ್ನುವವರ ಬಗ್ಗೆ ಎಚ್ಚರವಿರಲಿ.

*ಒಂದು ಫಾರ್ವರ್ಡ್ ಮಾಡಿದ ಹಾನಿ*

ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಸುಳ್ಳು ಆಗ ಫೋನಿನಿಂದ ಫೋನಿಗೆ ಹಾರಿತು. ಕೋಳಿಯ ಬೆಲೆ ನೆಲಕಚ್ಚಿತು. ಬೆಳಗಾವಿ ಜಿಲ್ಲೆಯ ಗೋಕಾಕ ಭಾಗದ ರೈತರೊಬ್ಬರು ಸಾವಿರಾರು ಕೋಳಿಗಳನ್ನು ಗುಂಡಿಗೆ ಸುರಿದು ಮಣ್ಣು ಮುಚ್ಚಿದರು. ವೈರಸ್ ಮುಟ್ಟುವ ಮೊದಲೇ ಗಾಬರಿ ಅವರ ದುಡಿಮೆಯನ್ನು ನುಂಗಿತ್ತು.

*ನೀವು ಮಾಡಬಹುದಾದ್ದು*

1. ಸುದ್ದಿಗೆ ಹೊತ್ತು ಗೊತ್ತು ಮಾಡಿ. ಬೆಳಗ್ಗೆ 15 ನಿಮಿಷ, ಸಂಜೆ 15 ನಿಮಿಷ ಸಾಕು. ಮಲಗುವ ಮುನ್ನ ಬೇಡ. ಆರೋಗ್ಯ ಇಲಾಖೆ, ಜಿಲ್ಲಾಡಳಿತದ ಪ್ರಕಟಣೆ ಮೊದಲು ನೋಡಿ. ಪ್ರಕಟಣೆ ಮರಾಠಿಯಲ್ಲಿದ್ದರೆ, ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ ಅರ್ಥ ಕೇಳಿ.

2. ಊರಿಗೆ ದಿನವೂ ಒಂದೇ ಹೊತ್ತಿಗೆ ಫೋನ್ ಮಾಡಿ. "ಅಲ್ಲಿ ಎಷ್ಟು ಮಂದಿಗೆ ಬಂತು?" ಎಂದು ಮಾತು ಶುರು ಮಾಡಬೇಡಿ. "ಊಟ ಆಯ್ತಾ? ಬಿಪಿ ಮಾತ್ರೆ ಎಷ್ಟು ದಿನಕ್ಕಿದೆ?" ಎಂದು ಕೇಳಿ. ಅವರ ಪಕ್ಕದ ಮನೆಯವರ ನಂಬರು, ಔಷಧ ಅಂಗಡಿಯ ನಂಬರು ಬರೆದಿಟ್ಟುಕೊಳ್ಳಿ. ದೂರದಿಂದಲೂ ಏನೋ ಮಾಡಿದೆ ಎಂಬ ಭಾವವೇ ಅರ್ಧ ಭಯ ಕಳೆಯುತ್ತದೆ.

3. ಉಸಿರು ನಿಧಾನ ಮಾಡಿ. ನಾಲ್ಕು ಎಣಿಸುತ್ತ ಮೂಗಿನಿಂದ ಒಳಗೆ, ಆರು ಎಣಿಸುತ್ತ ಹೊರಗೆ, ಐದು ನಿಮಿಷ ಹೀಗೆ ಮಾಡಿ. ಉಸಿರು ಬಿಡುವುದು ಉದ್ದವಾದಾಗ ಎದೆ ಬಡಿತ ತಗ್ಗುತ್ತದೆ.

4. ದಿನಚರಿ ಬಿಡಬೇಡಿ. ಎದ್ದು ಸ್ನಾನ, ಹೊತ್ತಿಗೆ ಊಟ, ನಿದ್ದೆ. ಭಯ ಮರೆಯಲು ಮದ್ಯ, ತಂಬಾಕು ಹೆಚ್ಚಿಸಬೇಡಿ.

5. ಮಕ್ಕಳಿಗೆ ಸುಳ್ಳು ಹೇಳಬೇಡಿ. "ಒಂದು ಹೊಸ ಜ್ವರ ಬಂದಿದೆ, ನಾವು ಕೈ ತೊಳೆಯುತ್ತೇವೆ, ಡಾಕ್ಟರ್ ಇದ್ದಾರೆ" ಎಂದರೆ ಅವರಿಗೆ ಸಾಕು.

*ಇದು ಮಾತ್ರ ನೆನಪಿರಲಿ*

ಗಾಬರಿಯ ಉಸಿರಾಟ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆದರೆ ಮಾತಾಡುವಾಗಲೂ ಉಸಿರು ಕಟ್ಟುವುದು, ಬಿಡದ ಎದೆನೋವು, ತುಟಿ ನೀಲಿಯಾಗುವುದು, ಗೊಂದಲದ ಮಾತು, ಆಕ್ಸಿಮೀಟರಿನಲ್ಲಿ 94ಕ್ಕಿಂತ ಕಡಿಮೆ, ಇವುಗಳಲ್ಲಿ ಯಾವುದಿದ್ದರೂ "ಭಯ ಇರಬೇಕು" ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಈ ನಂಬರು ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲೂ ಇದೆ.

ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಎನಿಸುತ್ತಿದೆ ಎಂದಾದರೆ ಸಹಾಯ ಕೇಳಿ. ಕೊನೆಯ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ. ಕನ್ನಡವೂ ಅದರ ಭಾಷೆಗಳಲ್ಲಿ ಒಂದು. ಮನಸ್ಸಿನ ನೋವನ್ನು ತಾಯಿನುಡಿಯಲ್ಲಿ ಹೇಳಿಕೊಂಡರೆ ಹಗುರವಾಗುತ್ತದೆ.

2025ರ ಜನವರಿ 6ರಂದು ಬೆಂಗಳೂರಿನಲ್ಲಿ ಎರಡು ಕೂಸುಗಳಿಗೆ ಎಚ್‌ಎಂಪಿವಿ ಸೋಂಕು ಎಂಬ ಸುದ್ದಿ ಬಂದಾಗ ಮತ್ತೆ ಎಲ್ಲರ ಎದೆ ಧಸಕ್ಕೆಂದಿತು. ಅದು 2001ರಲ್ಲೇ ಗುರುತಿಸಿದ ಹಳೆಯ ವೈರಸ್. ಮಕ್ಕಳಿಬ್ಬರೂ ಗುಣಮುಖರಾದರು. ಮುಂದೆಯೂ ಇಂಥ ಸುದ್ದಿ ಬರುತ್ತದೆ. ಆಗ ಮೊದಲು ಒಂದು ದೀರ್ಘ ಉಸಿರು, ಆಮೇಲೆ ನಂಬುವಂಥ ಮಾಹಿತಿ, ಆಮೇಲೆ ಊರಿಗೆ ಒಂದು ಫೋನ್. ಫಾರ್ವರ್ಡ್ ಮಾಡುವುದು ಎಲ್ಲಕ್ಕಿಂತ ಕೊನೆಗೆ.

ಇದನ್ನೂ ಅಷ್ಟೇ. ಪೂರ್ತಿ ಓದಿ, ಉಪಯೋಗ ಎನಿಸಿದರೆ ಮಾತ್ರ ನಿಮ್ಮವರಿಗೆ ಕಳಿಸಿ. ಎಲ್ಲರೂ ಆರೋಗ್ಯವಾಗಿರಿ.