ವಾಡಿಯ ಹಳೆಯ ಹೊರದೀಪಗಳು

ಒಂದು ಊರಿನ ಚರಿತ್ರೆಯನ್ನು ಅರಿಯಬೇಕಾದರೆ ಅಲ್ಲಿಯ ಶಾಸನಗಳನ್ನೂ ದೇವಾಲಯಗಳನ್ನೂ ನೋಡಬೇಕೆಂದು ಹೇಳುವುದುಂಟು. ಅದು ಸರಿಯೇ. ಆದರೆ ವಾಡಿಯಂಥ ಊರಿನಲ್ಲಿ ಇನ್ನೊಂದು ಸಾಧನವನ್ನೂ ಗಮನಿಸಬೇಕೆಂದು ನನಗೆ ತೋರುತ್ತದೆ. ಅದು ಗೋಡೆಯ ಮೇಲೂ ಕಂಬದ ಮೇಲೂ ನಿಂತ ಹಳೆಯ ಹೊರದೀಪ.

ವಾಡಿಗೆ ಪ್ರಾಮುಖ್ಯ ಬಂದುದು ರೈಲಿನಿಂದ. ಬೊಂಬಾಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು 1871ರಲ್ಲಿ ರಾಯಚೂರಿನಲ್ಲಿ ಮದರಾಸ್ ರೈಲ್ವೆಯನ್ನು ಕೂಡಿಕೊಂಡಿತು. 1874ರಲ್ಲಿ ನಿಜಾಮರ ಹಣದಿಂದ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿದ್ದಿತು. ಮುಂದೆ 1920ರ ದಶಕದಲ್ಲಿ ಶಹಾಬಾದದಲ್ಲಿಯೂ 1968ರಲ್ಲಿ ವಾಡಿಯಲ್ಲಿಯೂ ಸಿಮೆಂಟು ತಯಾರಾಗತೊಡಗಿತು. ರೈಲಾಗಲಿ ಕಾರ್ಖಾನೆಯಾಗಲಿ ಹೊತ್ತು ಮುಳುಗಿತೆಂದು ನಿಲ್ಲುವುದಿಲ್ಲ. ಹೊಲದ ಕೆಲಸಕ್ಕೆ ಸೂರ್ಯನೇ ದೀಪ. ಪಾಳಿಯ ಕೆಲಸಕ್ಕೆ ಮಾತ್ರ ಅಂಗಳದಲ್ಲಿಯೂ ಬೆಳಕು ಬೇಕು. ಹೀಗೆ ನಮ್ಮ ಭಾಗದಲ್ಲಿ ಹೊರದೀಪವು ರಾತ್ರಿಯ ದುಡಿಮೆಯ ಸಾಕ್ಷಿಯಾಗಿದೆ.

ಈ ದೀಪಗಳಲ್ಲಿ ಮೂರು ತಲೆಮಾರುಗಳನ್ನು ಗುರುತಿಸಬಹುದು. ಮೊದಲನೆಯದು ಬತ್ತಿಯ ಕಂದೀಲು: ನಾಲ್ಕು ಕಡೆ ಗಾಜು, ಮೇಲೆ ಹೊಗೆ ಹೋಗಲು ತಗಡಿನ ಟೊಪ್ಪಿಗೆ, ಕೆಳಗೆ ಚಿಮಣಿ ಎಣ್ಣೆಯ ಡಬ್ಬಿ. ಎರಡನೆಯದು ಮ್ಯಾಂಟಲ್ ದೀಪ. ಆಸ್ಟ್ರಿಯದ ಕಾರ್ಲ್ ಔಯರ್ ಎಂಬ ರಸಾಯನಶಾಸ್ತ್ರಜ್ಞನು ಶೇಕಡಾ 99 ಥೋರಿಯಂ ಆಕ್ಸೈಡಿಗೆ ಶೇಕಡಾ 1 ಸೀರಿಯಂ ಆಕ್ಸೈಡು ಸೇರಿಸಿ ಬೆಳ್ಳನೆಯ ಬೆಳಕು ಕೊಡುವ ಬಲೆಯನ್ನು ಮಾಡಿದನು. ಎಣ್ಣೆಯನ್ನು ಒತ್ತಡದಿಂದ ಆವಿಮಾಡಿ ಆ ಬಲೆಯಲ್ಲಿ ಉರಿಸುವ ಕಿಟ್ಸನ್ ದೀಪಗಳು ನಮ್ಮ ದೇಶದ ಹಲವು ರೈಲು ನಿಲ್ದಾಣಗಳನ್ನು ಬೆಳಗಿದವು. ಮೂರನೆಯದು ವಿದ್ಯುದ್ದೀಪ. ಬೆಂಗಳೂರಿನ ಬೀದಿಗಳಿಗೆ ಅದು 1905ರಲ್ಲಿಯೇ ಬಂದಿತು. ಕಾರ್ಖಾನೆಯ ಗೋಡೆಗಳಲ್ಲಿ ಕಾಣುವ, ಹೊರಗೆ ಹಸುರು ಅಥವಾ ನೀಲಿ, ಒಳಗೆ ಬಿಳಿ ಬಣ್ಣದ ಎನಾಮೆಲ್ ಷೇಡು ಈ ಪೈಕಿಯದು. ಎನಾಮೆಲ್ ಎಂದರೆ ಬಣ್ಣವಲ್ಲ. ಗಾಜಿನ ಪುಡಿಯನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಬ್ಬಿಣದ ತಗಡಿಗೆ ಕರಗಿಸಿ ಹಿಡಿಸಿದ ಲೇಪ. ಆದುದರಿಂದಲೇ ಅದು ಎಷ್ಟು ಮಳೆಬಿಸಿಲಿಗೂ ಮಾಸುವುದಿಲ್ಲ; ಆದರೆ ಪೆಟ್ಟು ಬಿದ್ದರೆ ಸಿಡಿದುಹೋಗುತ್ತದೆ.

ಕಟ್ಟಡವೊಂದು ಪಾಳುಬಿದ್ದಾಗ ಈ ದೀಪಗಳು ಗುಜರಿ ಅಂಗಡಿಗೆ ಹೋಗುತ್ತವೆ. ಅಲ್ಲಿ ಬೆಲೆ ತೂಕಕ್ಕೆ. ಹಿತ್ತಾಳೆ ಒಂದು ರಾಶಿ, ಕಬ್ಬಿಣ ಒಂದು ರಾಶಿ, ದೀಪವೆಂಬುದು ಉಳಿಯುವುದಿಲ್ಲ. ಇದನ್ನು ಕಂಡು ಮರುಗಿದ ಉತ್ಸಾಹಿಗಳು, ಹೇಗೂ ಹಾಳಾಗುವ ವಸ್ತುವಲ್ಲವೇ ಎಂದು ತಾವೇ ಬಿಚ್ಚಿಕೊಂಡು ಹೋಗುವುದೂ ಉಂಟು. ನನ್ನ ಅಭಿಪ್ರಾಯದಲ್ಲಿ ಈ ಎರಡೂ ಒಂದೇ ಬಗೆಯ ನಷ್ಟ. ಬಾಗಿಲು ಮುಚ್ಚಿದ ಕಟ್ಟಡಕ್ಕೂ ಒಡೆಯನಿರುತ್ತಾನೆ. ರೈಲ್ವೆಯ ವಸ್ತುವಾದರಂತೂ 1966ರ ರೈಲ್ವೆ ಆಸ್ತಿ ಕಾಯಿದೆಯ ಪ್ರಕಾರ, ಅದು ನ್ಯಾಯವಾಗಿ ತನ್ನ ಕೈಗೆ ಬಂದಿತೆಂದು ಇಟ್ಟುಕೊಂಡವನೇ ಸಿದ್ಧಪಡಿಸಬೇಕು. ಇಲ್ಲವಾದರೆ ಮೊದಲ ಅಪರಾಧಕ್ಕೇ ಐದು ವರ್ಷದವರೆಗೆ ಸೆರೆ ಆಗಬಹುದು. 1972ರ ಪುರಾವಸ್ತುಗಳ ಕಾಯಿದೆಯು ನೂರು ವರ್ಷ ಮೀರಿದ, ಕಟ್ಟಡದಿಂದ ಬಿಡಿಸಿದ ವಸ್ತುವನ್ನೂ ಪುರಾವಸ್ತುವೆಂದೇ ಎಣಿಸುತ್ತದೆ. ಅಂಥದನ್ನು ಪರವಾನಗಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ. ಖಾಸಗಿಯವರು ಪರದೇಶಕ್ಕೆ ಸಾಗಿಸುವಂತೆಯೇ ಇಲ್ಲ.

ಆದರೆ ಅನುಮತಿಯೆಂಬುದು ಕಾಯಿದೆಯ ಭಯಕ್ಕಾಗಿ ಮಾತ್ರ ಬೇಕಾದುದಲ್ಲ. ಕಳೆದ ಬೇಸಗೆಯಲ್ಲಿ ನಮ್ಮೂರ ಬಳಿ ಕೆಡವಲಿದ್ದ ಒಂದು ಫರಸಿ ಕಲ್ಲಿನ ಗೋದಾಮಿನಿಂದ ಎರಡು ಷೇಡುಗಳನ್ನು ಇಳಿಸಿಕೊಳ್ಳಲು ಅದರ ಮಾಲೀಕರಾದ ಹಿರಿಯರನ್ನು ಕೇಳಿದೆನು. ಪತ್ರಕ್ಕೆ ರುಜು ಹಾಕುತ್ತ ಅವರು, "ರಾತ್ರಿ ಬಂಡಿ ಹೇರೋ ಮುಂದ ಇವ್ನೇ ಹಚ್ತಿದ್ವಿ, ತಮ್ಮಾ. ಬಲಗಡಿ ದೀಪ ಕೆಟ್ರ ಕೂಲಿ ಮಂದಿ ಕಲ್ಲು ಮುಟ್ಟತಿರಲಿಲ್ಲ, ಕಾಲ ಮ್ಯಾಲ ಬಿದ್ದೀತಂತ" ಎಂದರು. ಈ ಮಾತು ಯಾವ ದಫ್ತರದಲ್ಲಿಯೂ ಇಲ್ಲ. ಕೇಳದೆ ಬಿಚ್ಚಿಕೊಂಡು ಬಂದಿದ್ದರೆ ನನಗೆ ದೊರೆಯುತ್ತಿದ್ದುದು ಎರಡು ತಗಡು ಮಾತ್ರ. ಒಪ್ಪಿಗೆಯ ಪತ್ರವೇ ದೀಪದ ಜಾತಕ.

ಇನ್ನು ಕೆಲಸದ ಕ್ರಮವನ್ನು ಹೇಳುತ್ತೇನೆ. ಕಟ್ಟಡ ಉಳಿಯುವುದಾದರೆ ದೀಪವನ್ನು ಅಲ್ಲಿಯೇ ಬಿಡುವುದು ಉತ್ತಮ. ಇಳಿಸಲೇಬೇಕಾದರೆ, ಎಷ್ಟು ದೀಪ, ಯಾವ ಗೋಡೆಯವು ಎಂಬುದನ್ನು ಅನುಮತಿಪತ್ರದಲ್ಲಿ ಬರೆಯಿಸಿಕೊಳ್ಳಬೇಕು. ಇದ್ದಲ್ಲಿಯೇ ಅದರ ಚಿತ್ರ ತೆಗೆದು, ನೆಲದಿಂದ ಎತ್ತರವನ್ನೂ ಮುಖದ ದಿಕ್ಕನ್ನೂ ಗುರುತುಹಾಕಿಕೊಳ್ಳಬೇಕು. ಕಟ್ಟಡ ಪಾಳಾದರೂ ತಂತಿಯಲ್ಲಿ ವಿದ್ಯುತ್ತು ಇರಬಹುದು; ಜೆಸ್ಕಾಂ ಸಿಬ್ಬಂದಿಯಿಂದ ಸಂಪರ್ಕ ಕಡಿಸಿದ ಹೊರತು ಏಣಿ ಹತ್ತಬಾರದು. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು, ಮರುದಿನ ಪಾನಾದಿಂದ ಮೆಲ್ಲಗೆ ತಿರುವಬೇಕು. ಎರಕದ ಕಬ್ಬಿಣದ ಬ್ರಾಕೆಟ್ಟಿಗೆ ಸುತ್ತಿಗೆ ತಾಗಿಸಬಾರದು. ಅದು ಬಾಗುವ ಲೋಹವಲ್ಲ, ಒಡೆಯುವ ಲೋಹ. ಒಬ್ಬರು ಬಿಚ್ಚುವಾಗ ಇನ್ನೊಬ್ಬರು ದೀಪದ ಭಾರವನ್ನು ಹಿಡಿದಿರಬೇಕು.

ತೊಳೆಯುವುದರಲ್ಲಿಯೂ ವಿವೇಕ ಬೇಕು. ನಮ್ಮ ಭಾಗದ ದೀಪಗಳ ಮೇಲೆ ಸಿಮೆಂಟಿನ ಧೂಳು ಮಳೆಯ ನೀರಿಗೆ ಗಟ್ಟಿಯಾಗಿ ಹಕ್ಕಳೆಗಟ್ಟಿರುತ್ತದೆ. ಆಮ್ಲ ಹಾಕಿದರೆ ಅದು ಬೇಗ ಬಿಡುತ್ತದೆ. ಆದರೆ ಎನಾಮೆಲಿನ ಹೊಳಪೂ ಜೊತೆಗೆ ಹೋಗುತ್ತದೆ. ಬೆಚ್ಚಗಿನ ನೀರಿನಲ್ಲಿ ನೆನೆಸಿ, ಕಟ್ಟಿಗೆಯ ಚಕ್ಕೆಯಿಂದ ಸ್ವಲ್ಪ ಸ್ವಲ್ಪವಾಗಿ ಬಿಡಿಸುವುದೇ ಲೇಸು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದುದರಿಂದ ಒಣಗಿದಾಗ ಮರಳುಕಾಗದದಿಂದ ಉಜ್ಜಬಾರದು. ಹಳೆಯ ಮ್ಯಾಂಟಲಿನ ಬೂದಿಯಲ್ಲಿರುವ ಥೋರಿಯಂ ವಿಕಿರಣ ಸೂಸುವ ಧಾತು. ಅದರ ಪುಡಿ ಉಸಿರಿನೊಳಗೆ ಹೋಗದಂತೆ ಎಚ್ಚರವಹಿಸಬೇಕು. ತಯಾರಕರ ಅಚ್ಚು, ಕೈಬರಹದ ಅಂಕೆ ಇವುಗಳನ್ನು ಎಂದಿಗೂ ಅಳಿಸಬಾರದು.

ಮತ್ತೆ ಬೆಳಗಿಸುವುದಾದರೆ ಹಳೆಯ ತಂತಿಯನ್ನು ನಂಬಬಾರದು; ಅದರ ರಬ್ಬರು ಮುಟ್ಟಿದರೆ ಉದುರುತ್ತದೆ. ಹೊಸ ತಂತಿ, ಹೊಸ ಹೋಲ್ಡರು ಹಾಕಿಸಿ, ಲೋಹದ ಮೈಗೆ ಅರ್ಥಿಂಗ್ ಕೊಡಿಸಬೇಕು. ಎಲ್‌ಇಡಿ ಬಲ್ಬಾದರೆ ಶಾಖ ಕಡಿಮೆ. ಬಿಚ್ಚಿದ ಹಳೆಯ ಹೋಲ್ಡರನ್ನು ಎಸೆಯದೆ ಚೀಟಿ ಕಟ್ಟಿ ಇಡುವುದು ಒಳ್ಳೆಯದು.

ದೆಹಲಿಯಲ್ಲಿ 1977ರಲ್ಲಿಯೂ ಮೈಸೂರಿನಲ್ಲಿ 1979ರಲ್ಲಿಯೂ ರೈಲು ವಸ್ತುಸಂಗ್ರಹಾಲಯಗಳು ತೆರೆದವು. ಅಷ್ಟು ದೊಡ್ಡ ಕೆಲಸ ವಿದ್ಯಾರ್ಥಿಗಳಾದ ನಮ್ಮಿಂದ ಆಗದು. ಆದರೆ ಚಿತ್ತಾಪುರ, ಸೇಡಂ, ಶಹಾಬಾದ, ಚಿಂಚೋಳಿಗಳಿಂದ ಬರುವ ಗೆಳೆಯರು ತಮ್ಮ ತಮ್ಮ ಊರಿನ ಹಳೆಯ ದೀಪಗಳನ್ನು ಒಂದು ವಹಿಯಲ್ಲಿ ಬರೆದಿಡಬಹುದಲ್ಲವೇ? ಎಲ್ಲಿದೆ, ಯಾರದು, ಯಾರ ಕೆಲಸಕ್ಕೆ ಉರಿಯಿತು ಎಂಬ ಮೂರು ಮಾತು ಸಾಕು. ನಮ್ಮ ಚರಿತ್ರೆಯ ಅಧ್ಯಾಪಕರು ಇದಕ್ಕೆ ಮಾರ್ಗದರ್ಶನ ಮಾಡುವರೆಂದು ನಂಬಿದ್ದೇನೆ. ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು. ದೀಪವನ್ನು ಮುಂದೆಯೂ ಇಳಿಸಿಕೊಳ್ಳಬಹುದು. ಅವರ ಮಾತನ್ನು ಆಮೇಲೆ ಕೇಳಲಾಗದು.