ಥೈರಾಯ್ಡ್ ಮತ್ತು ಜೀವಸತ್ವಗಳ ಗಡಿರೇಖೆಯ ವರದಿ: ಮಣ್ಣು ಪರೀಕ್ಷೆಯಂತೆ ಓದುವ ಕ್ರಮ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಕಡೆಯ ರೈತರು ಕೂಡುವ ಮಡಂತ್ಯಾರು ಪ್ರದೇಶವು ಅಡಿಕೆ, ತೆಂಗು ಹಾಗೂ ಕಾಳುಮೆಣಸಿನ ತೋಟಗಳಿಂದ ಕೂಡಿದೆ. ಇಲ್ಲಿಯ ರೈತರಿಗೆ ಮಣ್ಣು ಪರೀಕ್ಷೆಯ ವರದಿ ಹೊಸದಲ್ಲ. ಮಣ್ಣಿನ ಮಾದರಿಯನ್ನು ಕಳುಹಿಸಿ, ಬಂದ ಅಂಕಿಗಳನ್ನು ತೋಟದ ಸ್ಥಿತಿಯೊಡನೆ ಹೋಲಿಸಿ, ಅನಂತರವೇ ಗೊಬ್ಬರದ ಪ್ರಮಾಣವನ್ನು ನಿರ್ಧರಿಸುವುದು ತಿಳಿದ ಕೃಷಿಕರ ರೂಢಿ. ಈಗ ರಕ್ತ ಪರೀಕ್ಷೆಯ ವರದಿಗಳೂ ಮನೆಮನೆಗೆ ಬರುತ್ತಿವೆ. ಆದರೆ ಮಣ್ಣಿನ ವರದಿಯನ್ನು ಓದುವಾಗ ತೋರುವ ತಾಳ್ಮೆಯನ್ನು ರಕ್ತದ ವರದಿಯನ್ನು ಓದುವಾಗ ತೋರುವವರು ಕಡಿಮೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಅಡಿಕೆ ಕೃಷಿಕರ ಮನೆಯ 46 ವರ್ಷದ ಗೃಹಿಣಿ. ಕೆಲವು ತಿಂಗಳುಗಳಿಂದ ಆಯಾಸ, ಕೂದಲು ಉದುರುವಿಕೆ, ಅಂಗಾಲಿನಲ್ಲಿ ಜೋಮು. ರಕ್ತ ಪರೀಕ್ಷೆ ಮಾಡಿಸಿದಾಗ ಟಿ.ಎಸ್.ಎಚ್. 6.2 (ಪ್ರಯೋಗಶಾಲೆಯ ಮಿತಿ 0.4ರಿಂದ 4.5), ಫ್ರೀ ಟಿ-4 ಮಿತಿಯೊಳಗೆ, ಬಿ-12 ಜೀವಸತ್ವ 215, ಡಿ ಜೀವಸತ್ವ 17 ಎಂದು ಬಂದಿದೆ. "ಥೈರಾಯ್ಡ್ ಉಂಟು, ಇಂದಿನಿಂದಲೇ ಮಾತ್ರೆ ಬೇಕು" ಎನ್ನುತ್ತಾರೆ ನೆರೆಯವರು. "ಮಾತ್ರೆ ಒಮ್ಮೆ ಶುರು ಮಾಡಿದರೆ ಮತ್ತೆ ಬಿಡ್ಲಿಕ್ಕಿಲ್ಲ, ವಯಸ್ಸಾಗುವಾಗ ಆಯಾಸ ಇದ್ದದ್ದೇ" ಎನ್ನುತ್ತಾರೆ ಅತ್ತೆಯವರು. ಇವೆರಡೂ ದುಡುಕಿನ ತೀರ್ಮಾನಗಳೇ. ಗಡಿರೇಖೆಯ ಅಂಕಿಯು ರೋಗವೂ ಅಲ್ಲ, ಆರೋಗ್ಯದ ಪ್ರಮಾಣಪತ್ರವೂ ಅಲ್ಲ. ಅದು ಇನ್ನೊಮ್ಮೆ ನೋಡಬೇಕೆಂಬ ಸೂಚನೆ.

ಗಡಿರೇಖೆ ಎಂದರೇನು?

ಮಣ್ಣಿನ ಸಾವಯವ ಇಂಗಾಲವು ಶೇಕಡಾ 0.5ಕ್ಕಿಂತ ಕಡಿಮೆ ಇದ್ದರೆ 'ಕಡಿಮೆ' ಎಂದೂ, 0.5ರಿಂದ 0.75ರವರೆಗೆ ಇದ್ದರೆ 'ಮಧ್ಯಮ' ಎಂದೂ ವರ್ಗೀಕರಿಸುತ್ತಾರೆ. ಆದರೆ 0.49 ಇರುವ ತೋಟಕ್ಕೂ 0.51 ಇರುವ ತೋಟಕ್ಕೂ ಬೆಳೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಗೆರೆಯನ್ನು ಎಳೆದವರು ಮನುಷ್ಯರು. ಮಣ್ಣಿನಲ್ಲಿ ಅಂತಹ ಗೆರೆ ಇಲ್ಲ.

ರಕ್ತ ಪರೀಕ್ಷೆಯ ಮಿತಿಗಳನ್ನೂ ಸಾಮಾನ್ಯವಾಗಿ ಇದೇ ರೀತಿ ಗೊತ್ತುಮಾಡುತ್ತಾರೆ. ಆರೋಗ್ಯವಂತರ ರಕ್ತವನ್ನು ಪರೀಕ್ಷಿಸಿ, ನಡುವಿನ 95 ಮಂದಿಯ ಅಂಕಿಗಳನ್ನು 'ಸಹಜ' ಎಂದು ಇಟ್ಟುಕೊಳ್ಳಲಾಗುತ್ತದೆ. ಅಂದರೆ ನೂರರಲ್ಲಿ ಐವರು ಆರೋಗ್ಯವಾಗಿದ್ದರೂ ಗೆರೆಯ ಆಚೆಗೆ ಬೀಳುತ್ತಾರೆ. ಒಂದೇ ಬಾರಿಗೆ ಇಪ್ಪತ್ತು ಅಂಶಗಳನ್ನು ಪರೀಕ್ಷಿಸುವ ಪ್ಯಾಕೇಜಿನಲ್ಲಿ ಒಂದಾದರೂ ಅಂಕಿ ದಪ್ಪಕ್ಷರದಲ್ಲಿ ಮುದ್ರಿತವಾಗಿ ಬಂದರೆ ಆಶ್ಚರ್ಯಪಡಬೇಕಾಗಿಲ್ಲ.

ಥೈರಾಯ್ಡ್ ಗ್ರಂಥಿಯ ಕೆಲಸ

ಈ ಗ್ರಂಥಿಯು ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿದ್ದು, ಅಯೋಡೀನನ್ನು ಬಳಸಿಕೊಂಡು ಟಿ-4 ಮತ್ತು ಟಿ-3 ಎಂಬ ರಸಗಳನ್ನು ತಯಾರಿಸುತ್ತದೆ. ದೇಹದ ಶಾಖ, ಹೃದಯದ ಬಡಿತ, ಜೀರ್ಣಕ್ರಿಯೆ, ಮಕ್ಕಳ ಮಿದುಳಿನ ಬೆಳವಣಿಗೆ ಇವೆಲ್ಲಕ್ಕೂ ಈ ರಸಗಳು ಅವಶ್ಯಕ. ಟಿ.ಎಸ್.ಎಚ್. ಎಂಬುದು ಥೈರಾಯ್ಡಿನ ರಸವಲ್ಲ. ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯು ಥೈರಾಯ್ಡಿಗೆ ಕಳುಹಿಸುವ ಆಜ್ಞೆ.

ತೋಟದಲ್ಲಿ ಕೆಲಸ ನಿಧಾನವಾದರೆ ಯಜಮಾನರ ಧ್ವನಿ ಏರುತ್ತದೆ. ಕೆಲಸ ಅತಿಯಾದರೆ ಧ್ವನಿ ತಗ್ಗುತ್ತದೆ. ಟಿ.ಎಸ್.ಎಚ್. ಎಂದರೆ ಆ ಧ್ವನಿ. ಟಿ-4 ಎಂದರೆ ನಡೆದ ಕೆಲಸ. ಟಿ.ಎಸ್.ಎಚ್. ಹೆಚ್ಚಿದ್ದು ಟಿ-4 ಸಹ ಕಡಿಮೆಯಾಗಿದ್ದರೆ ಗ್ರಂಥಿ ನಿಜವಾಗಿ ಸೋತಿದೆ. ಆಗ ಚಿಕಿತ್ಸೆ ಬೇಕು. ಟಿ.ಎಸ್.ಎಚ್. ಮಾತ್ರ ಸ್ವಲ್ಪ ಹೆಚ್ಚಿದ್ದು ಟಿ-4 ಸರಿಯಾಗಿದ್ದರೆ ಧ್ವನಿ ಏರಿದೆ, ಆದರೆ ಕೆಲಸ ನಡೆಯುತ್ತಿದೆ ಎಂದರ್ಥ. ಇದನ್ನೇ ಗಡಿರೇಖೆಯ ಥೈರಾಯ್ಡ್ ಎನ್ನುವುದು. ಆದುದರಿಂದ ಟಿ.ಎಸ್.ಎಚ್. ಒಂದನ್ನೇ ನೋಡಿ ತೀರ್ಮಾನಿಸಬಾರದು.

ಅಂಕಿಗಳನ್ನು ಓದುವ ಕ್ರಮ

1. ಟಿ.ಎಸ್.ಎಚ್. 4.5ರಿಂದ 10ರೊಳಗೆ, ಟಿ-4 ಸಹಜ: ಸಾಮಾನ್ಯವಾಗಿ ಎರಡು ಮೂರು ತಿಂಗಳ ನಂತರ ಮರುಪರೀಕ್ಷೆ ಮಾಡಿಸಬೇಕು. ಅನೇಕರಲ್ಲಿ ಅಂಕಿಯು ತಾನಾಗಿಯೇ ಇಳಿಯುತ್ತದೆ. ಮರುಪರೀಕ್ಷೆಯೊಡನೆ ಟಿ.ಪಿ.ಓ. ಪ್ರತಿಕಾಯದ ಪರೀಕ್ಷೆ ಮಾಡಿಸಿದರೆ, ದೇಹವು ತನ್ನದೇ ಗ್ರಂಥಿಯ ಮೇಲೆ ದಾಳಿ ನಡೆಸುತ್ತಿದೆಯೇ ಎಂದು ತಿಳಿಯುತ್ತದೆ. ಪ್ರತಿಕಾಯವಿದ್ದವರಲ್ಲಿ ಮುಂದೆ ಗ್ರಂಥಿ ಸೋಲುವ ಸಂಭವ ಹೆಚ್ಚು. ಅವರು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಬೇಕು.

2. ಟಿ.ಎಸ್.ಎಚ್. 10ಕ್ಕಿಂತ ಮೇಲೆ, ಮರುಪರೀಕ್ಷೆಯಲ್ಲೂ ಅಷ್ಟೇ: ವೈದ್ಯರು ಸಾಮಾನ್ಯವಾಗಿ ಮಾತ್ರೆಯನ್ನು ಸೂಚಿಸುತ್ತಾರೆ. ಅದನ್ನು ಹಿಂಜರಿಯದೆ ತೆಗೆದುಕೊಳ್ಳಬೇಕು.

3. ವಯಸ್ಸಾದವರು: ವಯಸ್ಸಿನೊಡನೆ ಟಿ.ಎಸ್.ಎಚ್. ಸ್ವಲ್ಪ ಏರುವುದು ಸಹಜ. ಯುರೋಪಿನಲ್ಲಿ 65 ವರ್ಷ ಅಥವಾ ಮೇಲ್ಪಟ್ಟ 737 ಮಂದಿ ಗಡಿರೇಖೆಯವರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಥೈರಾಯ್ಡ್ ಮಾತ್ರೆ ತೆಗೆದುಕೊಂಡವರಿಗೂ ಖಾಲಿ ಮಾತ್ರೆ ತೆಗೆದುಕೊಂಡವರಿಗೂ ಆಯಾಸದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಮಾತ್ರೆಯ ಪ್ರಮಾಣ ಹೆಚ್ಚಾದರೆ ಹೃದಯದ ಬಡಿತ ತಪ್ಪುವುದು, ಮೂಳೆ ಸವೆಯುವುದು ಮುಂತಾದ ತೊಂದರೆಗಳಿವೆ. ಅಡಿಕೆ ಮರಕ್ಕೆ ಪೊಟ್ಯಾಷ್ ಒಳ್ಳೆಯದೆಂದು ಅಳತೆ ಮೀರಿ ಸುರಿಯುವುದಿಲ್ಲವಷ್ಟೆ!

ಮಾದರಿ ತೆಗೆಯುವಾಗ ಎಚ್ಚರಿಕೆ

ಗೊಬ್ಬರ ಹಾಕಿದ ಕೂಡಲೇ ಅಥವಾ ಗೊಬ್ಬರದ ಗುಂಡಿಯ ಬಳಿಯಿಂದ ಮಣ್ಣಿನ ಮಾದರಿ ತೆಗೆದರೆ ವರದಿ ತಪ್ಪುತ್ತದೆ. ರಕ್ತಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಟಿ.ಎಸ್.ಎಚ್. ರಾತ್ರಿ ಮತ್ತು ಬೆಳಗಿನ ಜಾವ ಹೆಚ್ಚಿದ್ದು ಮಧ್ಯಾಹ್ನ ಇಳಿಯುತ್ತದೆ. ಆದ್ದರಿಂದ ಮೊದಲ ಪರೀಕ್ಷೆಯನ್ನು ಬೆಳಿಗ್ಗೆ ಮಾಡಿಸಿದ್ದರೆ ಮರುಪರೀಕ್ಷೆಯನ್ನೂ ಬೆಳಿಗ್ಗೆಯೇ, ಸಾಧ್ಯವಾದರೆ ಅದೇ ಪ್ರಯೋಗಶಾಲೆಯಲ್ಲಿ ಮಾಡಿಸಬೇಕು. ಡೆಂಗ್ಯೂ, ಇಲಿಜ್ವರ ಮುಂತಾದ ಕಠಿಣ ಜ್ವರದಿಂದ ಚೇತರಿಸಿಕೊಳ್ಳುವಾಗ ಟಿ.ಎಸ್.ಎಚ್. ತಾತ್ಕಾಲಿಕವಾಗಿ ಏರಬಹುದು, ಪೂರ್ಣ ಗುಣವಾದ ಕೆಲವು ವಾರಗಳ ನಂತರ ಪರೀಕ್ಷಿಸುವುದು ಲೇಸು.

ಕೂದಲು ಉದುರುವುದಕ್ಕೆಂದು ಮಾರುವ ಮಾತ್ರೆಗಳಲ್ಲಿ ಬಯೋಟಿನ್ ಎಂಬ ಜೀವಸತ್ವವು ದೊಡ್ಡ ಪ್ರಮಾಣದಲ್ಲಿರುತ್ತದೆ. ಇದು ದೇಹಕ್ಕೆ ಅಪಾಯಕಾರಿಯಲ್ಲದಿದ್ದರೂ ಕೆಲವು ಪ್ರಯೋಗಶಾಲೆಗಳ ಪರೀಕ್ಷಾ ವಿಧಾನದಲ್ಲಿ ಅಡ್ಡಬಂದು, ಟಿ.ಎಸ್.ಎಚ್. ಅನ್ನು ಇಲ್ಲದಷ್ಟು ಕಡಿಮೆಯಾಗಿಯೂ ಟಿ-4 ಅನ್ನು ಇಲ್ಲದಷ್ಟು ಹೆಚ್ಚಾಗಿಯೂ ತೋರಿಸುತ್ತದೆ. ಇಂತಹ ಮಾತ್ರೆಯನ್ನು ಪರೀಕ್ಷೆಗೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ತೆಗೆದುಕೊಳ್ಳುತ್ತಿದ್ದ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.

ಬಿ-12 ಜೀವಸತ್ವ: ಮಣ್ಣಿನಿಂದ ಹಾಲಿನವರೆಗೆ

ಬಿ-12ರ ಅಣುವಿನ ನಡುವೆ ಕೋಬಾಲ್ಟ್ ಎಂಬ ಲೋಹವಿದೆ. ಮಣ್ಣಿನ ಕೋಬಾಲ್ಟ್ ಹುಲ್ಲಿಗೆ ಸೇರಿ, ಹುಲ್ಲಿನಿಂದ ದನದ ಹೊಟ್ಟೆಗೆ ಹೋಗಿ, ಅಲ್ಲಿಯ ಸೂಕ್ಷ್ಮಜೀವಿಗಳು ಅದರಿಂದ ಬಿ-12 ತಯಾರಿಸುತ್ತವೆ. ಸಸ್ಯಗಳಿಗೆ ಈ ಜೀವಸತ್ವ ಬೇಕಾಗಿಲ್ಲ. ಹಾಗಾಗಿ ಸೊಪ್ಪು, ತರಕಾರಿ, ಅಕ್ಕಿ, ತೆಂಗಿನಕಾಯಿಗಳಲ್ಲಿ ಅದು ದೊರೆಯುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳೇ ಇದರ ಮೂಲ. ವಯಸ್ಕರಿಗೆ ದಿನಕ್ಕೆ ಬೇಕಾದುದು ಎರಡು–ಎರಡೂವರೆ ಮೈಕ್ರೋಗ್ರಾಂ ಮಾತ್ರ. ಸುಮಾರು ಅರ್ಧ ಲೀಟರ್ ಹಾಲು ಇದರ ಬಹುಭಾಗವನ್ನು ಒದಗಿಸುತ್ತದೆ. ಬೂತಾಯಿ, ಬಂಗುಡೆ ತಿನ್ನುವ ಮನೆಗಳಿಗೆ ಇದು ಕಷ್ಟವಲ್ಲ. ಸಸ್ಯಾಹಾರಿ ಮನೆಯಲ್ಲಿ ಎರಡು ಹಸುಗಳಿದ್ದೂ ಹಾಲೆಲ್ಲ ಸೊಸೈಟಿಗೆ ಹೋಗಿ, ಮನೆಯಾಕೆಗೆ ಚಹಾದಲ್ಲಿ ಬೆರೆಸಿದ ಹಾಲು ಮಾತ್ರ ಉಳಿಯುವುದಾದರೆ ಕೊರತೆ ಬರುವುದರಲ್ಲಿ ಸಂದೇಹವಿಲ್ಲ.

ರಕ್ತದಲ್ಲಿ ಪ್ರತಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಎಂದೂ, 200ರಿಂದ 300 ಗಡಿರೇಖೆ ಎಂದೂ ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಗಡಿರೇಖೆಯ ಅಂಕಿಯೊಡನೆ ಅಂಗಾಲಿನ ಜೋಮು, ನಡಿಗೆಯಲ್ಲಿ ತೂರಾಟ, ಮರೆವು, ನಾಲಿಗೆಯ ಉರಿ ಇದ್ದರೆ ಕಾಯುತ್ತ ಕೂರಬಾರದು. ನರಗಳಿಗಾದ ಹಾನಿ ಬಹಳ ಕಾಲ ಉಳಿದರೆ ಸರಿಪಡಿಸಲಾಗದು. ರಕ್ತಹೀನತೆಗೆಂದು ಫೋಲಿಕ್ ಆಮ್ಲದ ಮಾತ್ರೆಯೊಂದನ್ನೇ ತೆಗೆದುಕೊಂಡರೆ ರಕ್ತ ಸುಧಾರಿಸಿದಂತೆ ಕಂಡು, ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿಯೂ ಬಿ-12 ಕಡಿಮೆಯಾಗುತ್ತದೆ.

ಡಿ ಜೀವಸತ್ವ: ತೋಟದ ನೆರಳು ಮತ್ತು ಬಿಸಿಲು

ಡಿ ಜೀವಸತ್ವವನ್ನು ಚರ್ಮವು ಬಿಸಿಲಿನಿಂದ ತಯಾರಿಸಿಕೊಳ್ಳುತ್ತದೆ. ಅಂಗಳದಲ್ಲಿ ಅಡಿಕೆ ಹರಡುವವರಿಗೆ ಬಿಸಿಲು ಸಿಗುತ್ತದೆ; ದಿನವಿಡೀ ಅಡಿಗೆಮನೆ, ಹಟ್ಟಿ ಮತ್ತು ತೋಟದ ನೆರಳಿನಲ್ಲಿ ದುಡಿಯುವವರಿಗೆ, ಅದರಲ್ಲೂ ಮಳೆಗಾಲದ ನಾಲ್ಕು ತಿಂಗಳು, ಸಿಗುವುದಿಲ್ಲ. ಆದ್ದರಿಂದ ಮಳೆಗಾಲದ ಕೊನೆಯಲ್ಲಿ ತೆಗೆದ ವರದಿಯು ಬೇಸಿಗೆಯ ವರದಿಗಿಂತ ಕಡಿಮೆ ಬರಬಹುದು. ಈ ಜೀವಸತ್ವದ ಗೆರೆ ಎಲ್ಲಿರಬೇಕೆಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಅಮೆರಿಕದ ಗ್ರಂಥಿತಜ್ಞರ ಸಂಘವು 2011ರಲ್ಲಿ 20ಕ್ಕಿಂತ ಕಡಿಮೆ ಎಂದರೆ ಕೊರತೆ, 30ರವರೆಗೆ ಸಾಲದು ಎಂದಿತ್ತು. 2024ರಲ್ಲಿ ಅದೇ ಸಂಘವು ಆ ಗೆರೆಗಳನ್ನು ಕೈಬಿಟ್ಟು, ಆರೋಗ್ಯವಂತ ವಯಸ್ಕರಿಗೆ ವಾಡಿಕೆಯಾಗಿ ಈ ಪರೀಕ್ಷೆ ಬೇಡವೆಂದು ಸಲಹೆಮಾಡಿತು.

60,000 ಯೂನಿಟಿನ ಪುಡಿಯ ಪೊಟ್ಟಣವನ್ನು ವೈದ್ಯರು ವಾರಕ್ಕೊಂದರಂತೆ ನಿಗದಿತ ವಾರಗಳಿಗೆ ಕೊಡುತ್ತಾರೆ. ಅದನ್ನು ದಿನಕ್ಕೊಂದರಂತೆ ಅಥವಾ ವರ್ಷಗಟ್ಟಲೆ ತಾವಾಗಿಯೇ ಮುಂದುವರಿಸಿದರೆ ರಕ್ತದಲ್ಲಿ ಸುಣ್ಣದ ಅಂಶ ಏರಿ ಮೂತ್ರಪಿಂಡ ಕೆಡುತ್ತದೆ.

ಅಯೋಡೀನು ಮತ್ತು ಕರಾವಳಿಯ ಮಣ್ಣು

ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಜಂಬಿಟ್ಟಿಗೆ ಮಣ್ಣಿನಲ್ಲಿ ಪೊಟ್ಯಾಷ್, ಸುಣ್ಣಗಳಂತೆಯೇ ಅಯೋಡೀನೂ ತೊಳೆದುಹೋಗುತ್ತದೆ. ಸಮುದ್ರ ಹತ್ತಿರವಿದೆಯೆಂದು ಇಲ್ಲಿಯ ತರಕಾರಿಯಲ್ಲಿ ಅಯೋಡೀನು ಇರುತ್ತದೆಂದು ನಂಬುವಂತಿಲ್ಲ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ನಡೆದ ಅಧ್ಯಯನವು ಅಯೋಡೀನುಯುಕ್ತ ಉಪ್ಪಿನಿಂದ ಗಳಗಂಡ ಇಳಿಯುವುದನ್ನು ತೋರಿಸಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಬಳಕೆದಾರರ ಮನೆಯಲ್ಲಿ ಉಪ್ಪಿನ ಹತ್ತು ಲಕ್ಷ ಭಾಗದಲ್ಲಿ ಕನಿಷ್ಠ 15 ಭಾಗ ಅಯೋಡೀನು ಇರಬೇಕು.

ತೆಂಗಿನ ಬುಡಕ್ಕೆ ಹಾಕಲು ತಂದ ಮೂಟೆಯ ಉಪ್ಪನ್ನು ಅಡಿಗೆಗೆ ಬಳಸಬಾರದು. ಅದರಲ್ಲಿ ಅಯೋಡೀನು ಬೆರೆಸಿರುವುದಿಲ್ಲ. ಅಡಿಗೆಯ ಉಪ್ಪನ್ನು ಒಲೆಯ ಬಳಿ ತೆರೆದಿಡದೆ ಮುಚ್ಚಳದ ಭರಣಿಯಲ್ಲಿಡಬೇಕು. ಸಾರು ಕುದಿದ ಮೇಲೆ ಉಪ್ಪು ಹಾಕುವುದು ಒಳ್ಳೆಯದು. ಮಳೆಗಾಲದ ಕಣಿಲೆ ಮತ್ತು ಮರಗೆಣಸಿನಲ್ಲಿ ಥೈರಾಯ್ಡಿಗೆ ಅಡ್ಡಿಪಡಿಸುವ ಅಂಶಗಳಿದ್ದರೂ, ಕಣಿಲೆಯನ್ನು ಹಿರಿಯರ ಕ್ರಮದಂತೆ ನೀರು ಬದಲಿಸುತ್ತ ನೆನೆಸಿ, ಮರಗೆಣಸನ್ನು ಚೆನ್ನಾಗಿ ಬೇಯಿಸಿ ನೀರು ಚೆಲ್ಲಿದರೆ ಬಹುಪಾಲು ಹೋಗುತ್ತವೆ. ಅಯೋಡೀನು ಬೇಕೆಂದು ಉಪ್ಪನ್ನು ಹೆಚ್ಚು ತಿನ್ನುವುದು ಅಥವಾ ಸಮುದ್ರಪಾಚಿಯ ಮಾತ್ರೆ ನುಂಗುವುದು ಸಲ್ಲದು. ಅತಿಯಾದ ಅಯೋಡೀನೂ ಗ್ರಂಥಿಯನ್ನು ಕೆಡಿಸುತ್ತದೆ.

ತಡಮಾಡಬಾರದ ಸಂದರ್ಭಗಳು

ಗರ್ಭಿಣಿಯರು ಮತ್ತು ಗರ್ಭ ಬಯಸುವವರು ಗಡಿರೇಖೆಯ ವರದಿ ಬಂದರೆ ಎರಡು ಮೂರು ತಿಂಗಳು ಕಾಯಬಾರದು. ಕೂಡಲೇ ವೈದ್ಯರನ್ನು ಕಾಣಬೇಕು. ಮೊದಲ ತಿಂಗಳುಗಳಲ್ಲಿ ಶಿಶುವಿನ ಮಿದುಳು ತಾಯಿಯ ಥೈರಾಯ್ಡ್ ರಸವನ್ನೇ ಅವಲಂಬಿಸಿರುತ್ತದೆ. ಮಕ್ಕಳು, ಕತ್ತಿನಲ್ಲಿ ಗಂಟು ಇರುವವರು, ಎದೆಬಡಿತ ತಪ್ಪುವವರು, ಕಾರಣವಿಲ್ಲದೆ ತೂಕ ಇಳಿಯುವವರ ವಿಷಯದಲ್ಲಿಯೂ ಹೀಗೆಯೇ. ಈಗಾಗಲೇ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಈ ಲೇಖನ ಓದಿ ಅದನ್ನು ನಿಲ್ಲಿಸಬಾರದು. ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಡನೆ ನುಂಗಿ, ಅರ್ಧದಿಂದ ಒಂದು ಗಂಟೆಯ ನಂತರ ಚಹಾ ಕುಡಿಯಬೇಕು. ಕಬ್ಬಿಣ ಮತ್ತು ಸುಣ್ಣದ ಮಾತ್ರೆಗಳನ್ನು ನಾಲ್ಕು ಗಂಟೆ ಬಿಟ್ಟು ತೆಗೆದುಕೊಳ್ಳಬೇಕು.

ಉದಾಹರಣೆಯ ಗೃಹಿಣಿ ಮಾಡಬೇಕಾದುದೇನು?

ಆಕೆಯ ಮೂರು ಅಂಕಿಗಳಿಗೆ ಮೂರು ಬೇರೆ ಉತ್ತರಗಳಿವೆ. ಅಂಗಾಲಿನ ಜೋಮು ಇರುವುದರಿಂದ ಬಿ-12ರ ಚಿಕಿತ್ಸೆಯನ್ನು ವೈದ್ಯರೊಡನೆ ಈಗಲೇ ಆರಂಭಿಸಬೇಕು. ಡಿ ಜೀವಸತ್ವವನ್ನು ವೈದ್ಯರು ಹೇಳಿದಷ್ಟು ವಾರ ಮಾತ್ರ ತೆಗೆದುಕೊಳ್ಳಬೇಕು. ಕೂದಲಿನ ಮಾತ್ರೆ ನುಂಗುತ್ತಿದ್ದರೆ ನಿಲ್ಲಿಸಿ, ಎರಡು ಮೂರು ತಿಂಗಳ ನಂತರ ಬೆಳಿಗ್ಗೆ ಟಿ.ಎಸ್.ಎಚ್., ಫ್ರೀ ಟಿ-4 ಮತ್ತು ಪ್ರತಿಕಾಯ ಪರೀಕ್ಷೆ ಮಾಡಿಸಬೇಕು. ಟಿ.ಎಸ್.ಎಚ್. 3.8ಕ್ಕೆ ಇಳಿದಿದ್ದರೆ ಥೈರಾಯ್ಡ್ ಮಾತ್ರೆಯ ಮಾತೇ ಇಲ್ಲ. 7ರ ಹತ್ತಿರ ನಿಂತಿದ್ದರೆ ರೋಗಲಕ್ಷಣ ಮತ್ತು ಪ್ರತಿಕಾಯವನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. 11ಕ್ಕೆ ಏರಿದ್ದರೆ ಮಾತ್ರೆ ಆರಂಭಿಸಬೇಕಾಗುತ್ತದೆ. ಆಯಾಸವು ಬಿ-12 ಸರಿಹೋದ ಮೇಲೆ ಇಳಿದರೆ, ಅದರ ಕಾರಣ ಥೈರಾಯ್ಡ್ ಆಗಿರಲಿಲ್ಲವೆಂದೂ ತಿಳಿಯುತ್ತದೆ. ಎಲ್ಲವನ್ನೂ ಥೈರಾಯ್ಡಿನ ತಲೆಗೆ ಕಟ್ಟಿದ್ದರೆ ಜೋಮಿನ ಕಾರಣ ಮರೆಯಲ್ಲೇ ಉಳಿಯುತ್ತಿತ್ತು.

ನೆನಪಿಡಬೇಕಾದ ಅಂಶಗಳು

1. ಒಂದು ಅಂಕಿಯಿಂದ ರೋಗವನ್ನು ನಿರ್ಧರಿಸಬಾರದು, ಟಿ.ಎಸ್.ಎಚ್. ಜೊತೆ ಟಿ-4 ನೋಡಬೇಕು.
2. ಗಡಿರೇಖೆಯಲ್ಲಿದ್ದರೆ ಮರುಪರೀಕ್ಷೆ, ಗರ್ಭಿಣಿಯಾದರೆ ಕೂಡಲೇ ವೈದ್ಯರ ಭೇಟಿ.
3. ಜೋಮು ಇದ್ದಲ್ಲಿ ಬಿ-12ರ ಚಿಕಿತ್ಸೆಗೆ ತಡಮಾಡಬಾರದು.
4. ಜೀವಸತ್ವದ ಮಾತ್ರೆಗೂ ಅಳತೆ ಮತ್ತು ಅವಧಿ ಇದೆ.
5. ಹಳೆಯ ವರದಿಗಳನ್ನು ಮಣ್ಣು ಪರೀಕ್ಷೆಯ ಚೀಟಿಗಳಂತೆ ದಿನಾಂಕದ ಕ್ರಮದಲ್ಲಿ ಜೋಡಿಸಿಡಬೇಕು. ಒಂದು ವರದಿ ಹೇಳದ್ದನ್ನು ಮೂರು ವರದಿಗಳ ಸಾಲು ಹೇಳುತ್ತದೆ.
6. ಸೊಸೈಟಿಗೆ ಹಾಲು ಅಳೆಯುವ ಮೊದಲು ಮನೆಯವರ ಪಾಲನ್ನು ತೆಗೆದಿಡಬೇಕು.